ಸಿಜಿ ಅನಿಮೆ ಯಾಕೆ ಕಣ್ಣಿಗೆ ಚುಚ್ಚುತ್ತದೆ, ಯಾವಾಗ ಮನಸ್ಸು ಗೆಲ್ಲುತ್ತದೆ

2016ರಲ್ಲಿ ಟಿವಿಗೆ ಬಂದ 'ಬರ್ಸರ್ಕ್' ಹೆಸರೆತ್ತಿದರೆ ಅನಿಮೆ, ಅಂದರೆ ಜಪಾನಿನ ಅನಿಮೇಶನ್, ನೋಡುವವರು ಇವತ್ತಿಗೂ ಬೈಯುತ್ತಾರೆ. ಮರುವರ್ಷವೇ, 2017ರಲ್ಲಿ, 'ಹೌಸೆಕಿ ನೋ ಕುನಿ' ಬಂತು. ಇಂಗ್ಲಿಷಿನಲ್ಲಿ 'ಲ್ಯಾಂಡ್ ಆಫ್ ದಿ ಲಸ್ಟ್ರಸ್' ಅನ್ನುತ್ತಾರಲ್ಲ, ಅದು. ಅದನ್ನು ಅದೇ ಜನ ಬಾಯ್ತುಂಬ ಹೊಗಳುತ್ತಾರೆ. ಎರಡೂ ಮಾಂಗಾದಿಂದ, ಅಂದರೆ ಜಪಾನಿನ ಕಾಮಿಕ್ಸ್‌ನಿಂದ, ಬಂದ ಕಥೆಗಳು, ಎರಡೂ ಜಪಾನಿನ ಟಿವಿ ಸರಣಿಗಳು. ಎರಡರಲ್ಲೂ ಮುಖ್ಯ ಪಾತ್ರಗಳು ಬಹುಪಾಲು ಕಂಪ್ಯೂಟರಿನಲ್ಲಿ ಕಟ್ಟಿದ ತ್ರೀಡಿ ಮಾಡೆಲ್‌ಗಳೇ, ಅಂದರೆ ಸಿಜಿ (ಕಂಪ್ಯೂಟರ್ ಗ್ರಾಫಿಕ್ಸ್). ಹಾಗಿರುವಾಗ "ಅನಿಮೆಗೆ ಸಿಜಿ ಒಗ್ಗಲ್ಲ" ಅನ್ನುವ ಮಾತು ಹೇಗೆ ನಿಲ್ಲುತ್ತದೆ? "ತಂತ್ರಜ್ಞಾನ ಇನ್ನೂ ಬೆಳೆಯಬೇಕು, ಆಮೇಲೆ ಸರಿಹೋಗುತ್ತದೆ" ಅನ್ನುವುದೂ ನಿಲ್ಲುವುದಿಲ್ಲ. ಒಂದೇ ವರ್ಷದಲ್ಲಿ ಕಂಪ್ಯೂಟರುಗಳು ಅಷ್ಟೊಂದು ಬದಲಾಗಿರಲಿಲ್ಲ.

ನನ್ನ ಪ್ರಕಾರ ತೊಂದರೆ ಇರುವುದೇ ಬೇರೆ ಕಡೆ. ಕಂಪ್ಯೂಟರ್ ಎಲ್ಲವನ್ನೂ ತೀರಾ ಸರಿಯಾಗಿ ಮಾಡುತ್ತದೆ. ಕೈ ಎಷ್ಟು ದೂರದಲ್ಲಿದೆಯೋ ಅಷ್ಟೇ ದೊಡ್ಡದಾಗಿ ತೋರಿಸುತ್ತದೆ, ಬೆಳಕು ಎಲ್ಲಿಂದ ಬಿದ್ದರೆ ನೆರಳು ಎಲ್ಲಿರಬೇಕೋ ಅಲ್ಲೇ ಇಡುತ್ತದೆ, ಒಂದು ಭಂಗಿಯಿಂದ ಇನ್ನೊಂದಕ್ಕೆ ಹೋಗುವಾಗ ನಡುವಿನ ಒಂದು ಹೆಜ್ಜೆಯನ್ನೂ ಬಿಡುವುದಿಲ್ಲ. ಅನಿಮೆ ಬೆಳೆದುಬಂದದ್ದು ಬಿಡುವುದರಿಂದ, ಉಬ್ಬಿಸುವುದರಿಂದ, ಬೇಕೆಂದೇ ಸುಳ್ಳು ಗೆರೆ ಎಳೆಯುವುದರಿಂದ. ಆ ಸುಳ್ಳನ್ನು ಯಾರೋ ಒಬ್ಬರು ಕೂತು ಸಿಜಿಯೊಳಕ್ಕೆ ತಂದರೆ ಸಿಜಿ ಚೆನ್ನಾಗಿರುತ್ತದೆ. ತರದೇ ಬಿಟ್ಟರೆ ಗೊಂಬೆ ಓಡಾಡಿದ ಹಾಗಿರುತ್ತದೆ.

ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಕೈಯಲ್ಲಿ ಬಿಡಿಸುವ ಅನಿಮೆಯಲ್ಲಿ 24 ಫ್ರೇಮಿಗೂ ಬೇರೆ ಬೇರೆ ಚಿತ್ರ ಬಿಡಿಸುವುದು ತೀರಾ ಅಪರೂಪ. ಒಂದು ಚಿತ್ರವನ್ನು ಎರಡು ಫ್ರೇಮ್ ಇಟ್ಟರೆ ಸೆಕೆಂಡಿಗೆ 12 ಚಿತ್ರ ಸಾಕು. ಮೂರು ಫ್ರೇಮ್ ಇಟ್ಟರೆ 8. ಟಿವಿ ಅನಿಮೆಯಲ್ಲಿ ಹೆಚ್ಚಾಗಿ ನಡೆಯುವುದು ಈ ಮೂರರ ಲೆಕ್ಕವೇ. 1963ರ ಜನವರಿ 1ರಂದು ಒಸಾಮು ತೆಜುಕಾ ಅವರ 'ಆಸ್ಟ್ರೋ ಬಾಯ್' ಟಿವಿಯಲ್ಲಿ ಶುರುವಾದಾಗ ವಾರಕ್ಕೊಂದು ಕಂತು ಕೊಡಬೇಕಿತ್ತು, ದುಡ್ಡು ಕಡಿಮೆ ಇತ್ತು, ಜನವೂ ಕಡಿಮೆ. ಚಿತ್ರಗಳ ಸಂಖ್ಯೆ ಇಳಿಸದೆ ಬೇರೆ ದಾರಿಯೇ ಇರಲಿಲ್ಲ. ಬಾಯಿ ಮಾತ್ರ ಆಡಿಸು, ದೇಹ ಹಾಗೇ ಇರಲಿ. ಹಿನ್ನೆಲೆ ಸರಿಸು, ಪಾತ್ರ ನಿಂತಿರಲಿ. ಹೀಗೆ ಬಡತನದಲ್ಲಿ ಹುಟ್ಟಿದ್ದು ಅರವತ್ತು ವರ್ಷಗಳಲ್ಲಿ ಒಂದು ಶೈಲಿಯಾಗಿ ಗಟ್ಟಿಯಾಯಿತು. ಯಾವ ಭಂಗಿಯನ್ನು ಹಿಡಿದು ನಿಲ್ಲಿಸಬೇಕು, ಎಲ್ಲಿ ನಾಲ್ಕು ಚಿತ್ರ ಹಾರಿಸಿ ನೇರವಾಗಿ ಏಟಿಗೆ ಬರಬೇಕು ಅನ್ನುವುದೇ ಅನಿಮೇಟರನ ಜಾಣ್ಮೆಯಾಯಿತು. ಯಕ್ಷಗಾನದಲ್ಲಿ ಚೆಂಡೆಯ ಪೆಟ್ಟಿಗೆ ವೇಷಧಾರಿ ಗಕ್ಕನೆ ನಿಂತಾಗ ಆ ನಿಲುವಿನಲ್ಲೇ ಒಂದು ಬಲ ಕಾಣುತ್ತದೆ ಅಲ್ವಾ, ಅನಿಮೆಯ ಹೊಡೆದಾಟದಲ್ಲೂ ಹಾಗೇ, ನಿಂತ ಭಂಗಿಯೇ ಏಟಿಗೆ ತೂಕ ಕೊಡುತ್ತದೆ.

ಈಗ ಕಂಪ್ಯೂಟರಿಗೆ ಬನ್ನಿ. ತ್ರೀಡಿಯಲ್ಲಿ ಒಂದು ಪಾತ್ರದ ಮಾಡೆಲ್ ಕಟ್ಟಿ, ಅದರೊಳಗೆ ಮೂಳೆಗಳ ಹಾಗೆ ಒಂದು ರಿಗ್ ಕೂರಿಸುತ್ತಾರೆ. ಇಲ್ಲೊಂದು ಭಂಗಿ, ಅಲ್ಲೊಂದು ಭಂಗಿ ಕೊಟ್ಟರೆ ನಡುವಿನದ್ದನ್ನೆಲ್ಲ ಸಾಫ್ಟ್‌ವೇರ್ ತಾನೇ ತುಂಬಿಕೊಳ್ಳುತ್ತದೆ. ಕೇಳಲು ವರದಾನ. ಆದರೆ ಹಾಗೆ ತುಂಬಿದ ಚಲನೆ ಒಂದೇ ಸಮನೆ ಜಾರುತ್ತದೆ. ಪಾತ್ರಕ್ಕೆ ಭಾರವೇ ಇಲ್ಲದ ಹಾಗೆ, ನೀರಿನಲ್ಲಿ ತೇಲಿದ ಹಾಗೆ. ಕತ್ತಿ ಬೀಸುವುದಕ್ಕೂ ಕಾಫಿ ಲೋಟ ಎತ್ತುವುದಕ್ಕೂ ಒಂದೇ ರೀತಿಯ ನುಣುಪು.

"ಹಾಗಿದ್ದರೆ ಅರ್ಧ ಫ್ರೇಮ್ ತೆಗೆದುಬಿಡಿ, 12ಕ್ಕೆ ಇಳಿಸಿ" ಅನ್ನಬಹುದು. ಹಲವು ಸರಣಿಗಳು ಮಾಡಿದ್ದೂ ಅದನ್ನೇ. ಅದು ಇನ್ನೂ ಕೆಟ್ಟದಾಗಿ ಕಾಣುತ್ತದೆ. ಯಾಕೆಂದರೆ ಕೈಯಲ್ಲಿ ಬಿಡಿಸುವವರು 12 ಚಿತ್ರಗಳನ್ನು ಒಂದೊಂದಾಗಿ ಆರಿಸಿ ಬಿಡಿಸಿರುತ್ತಾರೆ, ಇಲ್ಲಿ ಯಂತ್ರ ಒಂದು ಬಿಟ್ಟು ಒಂದು ಕಿತ್ತುಹಾಕಿರುತ್ತದೆ. ಉಳಿದವು ಆರಿಸಿದ ಭಂಗಿಗಳಲ್ಲ, ಹಾದಿಯಲ್ಲಿ ಸಿಕ್ಕ ಭಂಗಿಗಳು. ನೋಡುವವರಿಗೆ ಅದು ಇಂಟರ್ನೆಟ್ ನಿಧಾನವಾಗಿ ವಿಡಿಯೊ ತಡವರಿಸಿದ ಹಾಗೆ ಕಾಣುತ್ತದೆ. ಇದರ ಜೊತೆ ಕ್ಯಾಮೆರಾ ಮಾತ್ರ 24 ಫ್ರೇಮಿನಲ್ಲಿ ನುಣುಪಾಗಿ ತಿರುಗುತ್ತಿದ್ದು, ಪಾತ್ರ 12ರಲ್ಲಿ ನಡೆಯುತ್ತಿದ್ದರೆ ಪಾದ ನೆಲಕ್ಕೆ ಅಂಟುವುದೇ ಇಲ್ಲ. ಪಾತ್ರ ಹಿನ್ನೆಲೆಯಿಂದ ಕಿತ್ತುಕೊಂಡು ಕುಣಿಯುತ್ತಿರುತ್ತದೆ.

ಇನ್ನು ಆಕಾರದ ವಿಷಯ. ಆಸ್ಟ್ರೋ ಬಾಯ್ ತಲೆಯ ಮೇಲೆ ಕೂದಲಿನ ಎರಡು ಕೊಂಬುಗಳಿವೆ. ಅವನು ಎತ್ತ ತಿರುಗಿದರೂ ಎರಡೂ ಕೊಂಬು ಚೆನ್ನಾಗಿ ಕಾಣುತ್ತವೆ. ಸುತ್ತಲೂ ನೋಡಬಹುದಾದ ಒಂದು ತಲೆಯಲ್ಲಿ ಇದು ಆಗುವ ಮಾತಲ್ಲ. ಕಾಗದದ ಮೇಲೆ ಮಾತ್ರ ಸಾಧ್ಯ. ಅನಿಮೆ ಮುಖಗಳೆಲ್ಲ ಹೆಚ್ಚುಕಡಿಮೆ ಹೀಗೇ ಇರುತ್ತವೆ. ಎದುರಿನಿಂದ ನೋಡಿದಾಗ ಮೂಗು ಒಂದು ಚುಕ್ಕೆ, ಪಕ್ಕದಿಂದ ನೋಡಿದರೆ ಚೂಪು ಮೂಗು. ಈ ಎರಡನ್ನೂ ಒಂದೇ ಮಾಡೆಲ್‌ನಲ್ಲಿ ಕಟ್ಟಿದರೆ ಮುಖ ತಿರುಗುವಾಗ ಒಂದು ಕ್ಷಣ ಯಾರೋ ಬೇರೆಯವರ ಮುಖ ಕಾಣುತ್ತದೆ. ಹಾಗೆಯೇ ಮುಷ್ಟಿ ಕ್ಯಾಮೆರಾ ಕಡೆ ನುಗ್ಗುವ ಒಂದು ಶಾಟ್ ತೆಗೆದುಕೊಳ್ಳಿ. ಕೈಯಲ್ಲಿ ಬಿಡಿಸುವವರು ಮುಷ್ಟಿಯನ್ನು ತಲೆಗಿಂತ ದೊಡ್ಡದು ಮಾಡುತ್ತಾರೆ, ಭುಜವನ್ನು ಕಡಲೆಕಾಯಿಯಷ್ಟು ಸಣ್ಣ ಮಾಡುತ್ತಾರೆ. ಲೆಕ್ಕಕ್ಕೆ ತಪ್ಪು, ಕಣ್ಣಿಗೆ ಸರಿ. ಕಂಪ್ಯೂಟರ್ ಲೆಕ್ಕ ಬಿಡುವುದಿಲ್ಲ.

ಗೆರೆ ಮತ್ತು ನೆರಳಿನದ್ದೂ ಇದೇ ಕಥೆ. ತ್ರೀಡಿ ಮಾಡೆಲ್‌ಗೆ ಅನಿಮೆಯ ಕಪ್ಪು ಗೆರೆ ಕೊಡುವ ಒಂದು ಸಾಮಾನ್ಯ ಉಪಾಯ ಹೀಗಿದೆ: ಮಾಡೆಲ್‌ಗಿಂತ ಕೂದಲೆಳೆಯಷ್ಟು ದೊಡ್ಡದಾದ ಒಂದು ಕಪ್ಪು ಚಿಪ್ಪನ್ನು ಅದರ ಸುತ್ತ ಇಟ್ಟು, ಅದರ ಹಿಂಬದಿ ಮಾತ್ರ ಕಾಣುವಂತೆ ಮಾಡುವುದು. ಆಗ ಅಂಚಿನಲ್ಲಿ ಗೆರೆ ಮೂಡುತ್ತದೆ. ಆದರೆ ಪೆನ್ಸಿಲ್ ಒತ್ತಿದಾಗ ದಪ್ಪ, ಎತ್ತಿದಾಗ ಸಣ್ಣ ಆಗುತ್ತದಲ್ಲ, ಆ ಜೀವ ಅದರಲ್ಲಿ ಇರುವುದಿಲ್ಲ. ನೆರಳಿಗೆ ಬಂದರೆ, ಬೆಳಕು ಇಷ್ಟಕ್ಕಿಂತ ಕಡಿಮೆ ಬಿದ್ದ ಕಡೆಗೆಲ್ಲ ಗಾಢ ಬಣ್ಣ ಹಾಕು ಅಂತ ಸಾಫ್ಟ್‌ವೇರಿಗೆ ಹೇಳಿರುತ್ತಾರೆ. ಕೆನ್ನೆಯ ಉಬ್ಬು, ಮೂಗಿನ ಪಕ್ಕದ ತಗ್ಗು ಎಲ್ಲ ಕಡೆ ನೆರಳು ಚೂರುಚೂರಾಗಿ ಬಿದ್ದು, ತಲೆ ಆಡಿಸಿದರೆ ಸಾಕು, ಆ ಚೂರುಗಳು ಮುಖದ ಮೇಲೆ ಹರಿದಾಡುತ್ತವೆ. 'ಬರ್ಸರ್ಕ್'ನಲ್ಲಿ ಆದದ್ದು ಇದರ ಇನ್ನೂ ಕಷ್ಟದ ರೂಪ. ಕೆಂತಾರೊ ಮಿಯುರಾ ಅವರ ಮಾಂಗಾದಲ್ಲಿ ಒಂದೊಂದು ಪುಟದಲ್ಲೂ ಸಾವಿರಾರು ಸಣ್ಣ ಅಡ್ಡಗೆರೆಗಳಿವೆ. ಆ ಗೀಚುಗಳನ್ನು ಸಿಜಿ ಪಾತ್ರಗಳ ಮುಖಕ್ಕೂ ಕವಚಕ್ಕೂ ಅಂಟಿಸಿದರು. ಪುಟದಲ್ಲಿ ನಿಂತ ಗೆರೆಗಳು ಇಲ್ಲಿ ಓಡಾಡುವ ಮೈಮೇಲೆ ಹೊಲಸಿನ ಹಾಗೆ ಕೂತವು. ಸಾಲದ್ದಕ್ಕೆ ಕ್ಯಾಮೆರಾ ಕಾರಣವಿಲ್ಲದೆ ಸುತ್ತುತ್ತಿತ್ತು. ತ್ರೀಡಿಯಲ್ಲಿ ಕ್ಯಾಮೆರಾ ತಿರುಗಿಸುವುದು ಸುಲಭ, ಹಾಗಾಗಿ ತಿರುಗಿಸಿದರು ಅನ್ನಿಸುತ್ತದೆ.

ಇದಕ್ಕೆಲ್ಲ ಔಷಧಿ ಇದೆಯಾ? ಇದೆ. ಅದು ತುಂಬ ಸ್ಪಷ್ಟವಾಗಿ ಕಂಡದ್ದು ಒಂದು ಗೇಮ್‌ನಲ್ಲಿ. ಆರ್ಕ್ ಸಿಸ್ಟಮ್ ವರ್ಕ್ಸ್ ಕಂಪನಿ 2014ರಲ್ಲಿ 'ಗಿಲ್ಟಿ ಗಿಯರ್ ಎಕ್ಸ್‌ಆರ್‌ಡಿ' ಅನ್ನುವ ಹೊಡೆದಾಟದ ಗೇಮ್ ಬಿಟ್ಟಿತು. ನೋಡಿದವರಿಗೆ ಅದು ತ್ರೀಡಿ ಅಂತಲೇ ನಂಬಲಾಗಲಿಲ್ಲ, ಕ್ಯಾಮೆರಾ ತಿರುಗಿದಾಗಲೇ ಗೊತ್ತಾದದ್ದು. ಅವರು ಮಾಡಿದ್ದೇನೆಂದರೆ, ಸಾಫ್ಟ್‌ವೇರ್ ನಡುವಿನ ಚಲನೆ ತುಂಬುವುದನ್ನೇ ನಿಲ್ಲಿಸಿದರು. ಪ್ರತಿ ಭಂಗಿಯನ್ನೂ ಮನುಷ್ಯರೇ ಇಟ್ಟರು. ಮೂಳೆಗಳನ್ನು ಬೇಕಾದ ಹಾಗೆ ಹಿಗ್ಗಿಸುವ, ಕುಗ್ಗಿಸುವ ಅವಕಾಶ ಇಟ್ಟುಕೊಂಡು ಮುಷ್ಟಿಯನ್ನು ನಿಜಕ್ಕೂ ದೊಡ್ಡದು ಮಾಡಿದರು. ಒಂದೊಂದು ಪಾತ್ರಕ್ಕೂ ಅದರದ್ದೇ ಬೆಳಕು ಕೊಟ್ಟು, ಮುಖದ ಮೇಲ್ಮೈ ಬೆಳಕನ್ನು ಹೇಗೆ ಹಿಡಿಯಬೇಕು ಅನ್ನುವುದನ್ನು ಕೈಯಾರೆ ತಿದ್ದಿ ನೆರಳು ಚೂರಾಗದ ಹಾಗೆ ನೋಡಿಕೊಂಡರು. ಬೆಂಗಳೂರಿನ ಸ್ಟುಡಿಯೋಗಳಲ್ಲಿ ರಿಗಿಂಗ್, ಲೈಟಿಂಗ್ ಕೆಲಸ ಮಾಡುವವರು ಇದನ್ನು ಓದುತ್ತಿದ್ದರೆ ಅದೆಷ್ಟು ಕೆಲಸ ಅಂತ ಅವರಿಗೆ ಬೇರೆ ಹೇಳಬೇಕಾಗಿಲ್ಲ. ಅಂದರೆ ಸಿಜಿ ಉಳಿಸಿಕೊಡುತ್ತದೆ ಅಂತ ಹೇಳುತ್ತಿದ್ದ ಸಮಯವನ್ನೆಲ್ಲ ಅವರು ಮರಳಿ ಕೆಲಸಕ್ಕೇ ಹಾಕಿದರು.

'ಹೌಸೆಕಿ ನೋ ಕುನಿ' ಮಾಡಿದ ಆರೆಂಜ್ ಸ್ಟುಡಿಯೋ ಹಿಡಿದ ದಾರಿ ಬೇರೆ, ಆದರೆ ಮನಸ್ಸು ಇದೇ. ಹರುಕೊ ಇಚಿಕಾವಾ ಅವರ ಈ ಕಥೆಯಲ್ಲಿ ಪಾತ್ರಗಳೆಲ್ಲ ಮನುಷ್ಯ ರೂಪದ ರತ್ನಗಳು. ಒಬ್ಬೊಬ್ಬರಿಗೂ ಒಂದೊಂದು ಗಡಸುತನ. ಮುಖ್ಯ ಪಾತ್ರ ಫಾಸ್‌ಗೆ ಹತ್ತಕ್ಕೆ ಬರೀ ಮೂರೂವರೆ, ಮುಟ್ಟಿದರೆ ಒಡೆಯುವಷ್ಟು ಮೆದು. ಅವರ ಕೂದಲು ರತ್ನದ್ದೇ. ಬೆಳಕು ಅದರೊಳಗೆ ಹೊಕ್ಕು, ಮುರಿದು, ಹೊರಗೆ ಬರಬೇಕು. ಕೈಯಲ್ಲಿ ಇದನ್ನು ಪ್ರತಿ ಫ್ರೇಮಿಗೂ ಬಿಡಿಸುವುದು ಹುಚ್ಚು ಕೆಲಸ, ತ್ರೀಡಿಗೆ ಇದು ಹುಟ್ಟುಗುಣ. ಫಾಸ್ ತಲೆ ತಿರುಗಿಸಿದಾಗ ಪುದೀನ ಬಣ್ಣದ ಕೂದಲಿನಲ್ಲಿ ಹೊಳಪು ಸರಿಯುವುದನ್ನು ಗಮನಿಸಿ ನೋಡಿ. ಮುಖ ಮಾತ್ರ ಚಪ್ಪಟೆ, ಚಿತ್ರದ ಹಾಗೆ. ಎರಡೂ ಒಂದೇ ಫ್ರೇಮಿನಲ್ಲಿದ್ದೂ ಜಗಳ ಆಡುವುದಿಲ್ಲ. ಇನ್ನೊಂದು ಕಡೆ ಫಾಸ್ ಕೈಗಳನ್ನು ಕಳೆದುಕೊಂಡು, ಅದರ ಜಾಗದಲ್ಲಿ ಚಿನ್ನ ಮತ್ತು ಪ್ಲಾಟಿನಂ ಬೆರೆತ ಲೋಹ ಸೇರಿಕೊಳ್ಳುತ್ತದೆ. ಆ ಲೋಹ ಫಾಸ್ ಹೇಳಿದ ಮಾತು ಕೇಳದೆ ಉಕ್ಕುತ್ತದೆ, ತೊಟ್ಟಿಕ್ಕುತ್ತದೆ, ಮತ್ತೆ ಕೈಯ ಆಕಾರಕ್ಕೆ ಬರುತ್ತದೆ. ಆ ಚಿನ್ನದ ಭಾರ ನೋಡುವವರ ಮೈಗೂ ತಾಗುತ್ತದೆ. ಡೈಮಂಡ್ ಅನ್ನುವ ಇನ್ನೊಂದು ರತ್ನ ತಮ್ಮ ಶಾಲೆಯ ಕಟ್ಟಡದೊಳಗೆ ಒಬ್ಬಂಟಿಯಾಗಿ ಹೋರಾಡುವ ಭಾಗದಲ್ಲಿ ಕ್ಯಾಮೆರಾ ಕಂಬಗಳ ನಡುವೆ, ಮಹಡಿಗಳ ನಡುವೆ ಅವರ ಹಿಂದೆಯೇ ನುಗ್ಗುತ್ತದೆ. ಇಲ್ಲಿ ಕ್ಯಾಮೆರಾ ಓಡುವುದಕ್ಕೆ ಕಾರಣ ಇದೆ, ಓಡುತ್ತಿರುವವರು ಜೀವ ಉಳಿಸಿಕೊಳ್ಳಬೇಕಿದೆ.

ನಿರ್ದೇಶಕ ತಾಕಾಹಿಕೊ ಕ್ಯೋಗೊಕು ತಂಡವನ್ನು ಕಥೆಯೂ ಕೈಹಿಡಿದು ನಡೆಸಿತು ಅನ್ನುವುದನ್ನು ಮರೆಯಬಾರದು. ರತ್ನಗಳೆಲ್ಲ ಹೆಚ್ಚುಕಡಿಮೆ ಒಂದೇ ಮೈಕಟ್ಟಿನವರು, ಒಂದೇ ಸಮವಸ್ತ್ರ. ಇರುವುದೂ ಒಂದೇ ದ್ವೀಪದಲ್ಲಿ, ಒಂದೇ ಕಟ್ಟಡದಲ್ಲಿ. ಸಿಜಿಯಲ್ಲಿ ದುಡ್ಡು ಹೋಗುವುದು ಶುರುವಿನಲ್ಲಿ, ಮಾಡೆಲ್ ಕಟ್ಟುವಾಗ. ಆಮೇಲೆ ಅದೇ ಮಾಡೆಲನ್ನು ನೂರು ಶಾಟ್‌ಗೆ ಬಳಸಿದರೆ ಲೆಕ್ಕ ಸರಿಹೋಗುತ್ತದೆ. ಅದೇ ನಾಯಕಿ ಹಬ್ಬಕ್ಕೆ ಒಂದು ಕಿಮೋನೊ, ಮಳೆಗೆ ಒಂದು ರೇನ್‌ಕೋಟ್, ಮನೆಯಲ್ಲಿ ಒಂದು ನೈಟ್‌ಡ್ರೆಸ್ ಹಾಕಿಕೊಂಡರೆ ಮೂರು ಸಲ ಹೊಸ ಕೆಲಸ. ಕೈಯಲ್ಲಿ ಬಿಡಿಸುವವರಿಗೆ ಇದು ಒಂದು ಹೊಸ ಡಿಸೈನ್ ಹಾಳೆ ಅಷ್ಟೇ. ಪಾಲಿಗಾನ್ ಪಿಕ್ಚರ್ಸ್ 2014ರಲ್ಲಿ ಮಾಡಿದ 'ನೈಟ್ಸ್ ಆಫ್ ಸಿಡೋನಿಯಾ' ಕೂಡ ಬಾಹ್ಯಾಕಾಶ ನೌಕೆಯೊಳಗಿನ, ಸಮವಸ್ತ್ರದ ಜನರ ಕಥೆ. ಅದು ಸಿಜಿಗೆ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಕೆಲವು ಸಿಜಿ ಸರಣಿಗಳಲ್ಲಿ ಊರು ಬಿಕೋ ಅನ್ನುವುದು, ರಸ್ತೆಯಲ್ಲಿ ಜನರೇ ಇಲ್ಲದಿರುವುದು, ಇದ್ದರೂ ಒಂದೇ ಮುಖದವರು ನಾಲ್ಕು ಕಡೆ ಕಾಣುವುದು ಇದೇ ಕಾರಣಕ್ಕೆ.

ಮುಟ್ಟುವ ದೃಶ್ಯಗಳು ಸಿಜಿಯ ಇನ್ನೊಂದು ದೊಡ್ಡ ದೌರ್ಬಲ್ಯ. ಇಬ್ಬರು ತಬ್ಬಿಕೊಳ್ಳುವುದನ್ನು ಪೆನ್ಸಿಲ್ ಹಿಡಿದವರು ನಾಲ್ಕು ಗೆರೆಯಲ್ಲಿ ತೋರಿಸುತ್ತಾರೆ, ಬೆನ್ನಿನ ಮೇಲೆ ಬಟ್ಟೆ ಸುಕ್ಕಾಗಿದ್ದು ತೋರಿಸಿದರೆ ಹಿಡಿತ ಎಷ್ಟು ಗಟ್ಟಿ ಅನ್ನುವುದೂ ಗೊತ್ತಾಗುತ್ತದೆ. ತ್ರೀಡಿಯಲ್ಲಿ ಎರಡು ಮಾಡೆಲ್‌ಗಳು ಒಂದರೊಳಗೊಂದು ಹೊಕ್ಕುಬಿಡುತ್ತವೆ. ಬಟ್ಟೆಗೆ ಬೇರೆ ಲೆಕ್ಕ, ಕೂದಲಿಗೆ ಬೇರೆ ಲೆಕ್ಕ. ಅನ್ನ ತಿನ್ನುವುದು, ಕೂದಲು ಬಾಚುವುದು, ಒದ್ದೆ ಅಂಗಿ ಬಿಚ್ಚುವುದು ಇಂಥ ಸಣ್ಣ ಕೆಲಸಗಳೇ ತಂಡದ ಜೀವ ಹಿಂಡುತ್ತವೆ. ಮನೆಮಂದಿಯ ಕಥೆ ಹೇಳುವ ನಿಧಾನದ ಅನಿಮೆಗಳು ಇವತ್ತಿಗೂ ಕೈಚಿತ್ರದಲ್ಲೇ ಜಾಸ್ತಿ ಬರುವುದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಇನ್ನು ಸಿಜಿ ಎಲ್ಲಿ ಎತ್ತಿದ ಕೈ? ಯಂತ್ರಗಳಲ್ಲಿ. 1983ರಲ್ಲೇ 'ಗೋಲ್ಗೋ 13' ಸಿನಿಮಾದಲ್ಲಿ ಹೆಲಿಕಾಪ್ಟರ್‌ಗಳನ್ನು ಕಂಪ್ಯೂಟರಿನಲ್ಲಿ ಮಾಡಿ ನೋಡಿದ್ದರು. ಇವತ್ತು ನೋಡಿದರೆ ಅದು ಸಿನಿಮಾದ ಉಳಿದ ಭಾಗಕ್ಕೆ ಅಂಟುವುದೇ ಇಲ್ಲ, ಆದರೂ ಆಗಿನ ಕಾಲಕ್ಕೆ ಧೈರ್ಯದ ಕೆಲಸ. 1998ರ 'ಇನಿಶಿಯಲ್ ಡಿ'ಯ ಕಾರುಗಳು ಕೂಡ ಸಿಜಿ. ಬೆಟ್ಟದ ತಿರುವಿನಲ್ಲಿ ಅವು ಜಾರುವುದನ್ನು ಅಭಿಮಾನಿಗಳು ಈಗಲೂ ಪ್ರೀತಿಯಿಂದ ನೆನೆಸಿಕೊಳ್ಳುತ್ತಾರೆ. ಕಾರಿಗೆ, ಟ್ಯಾಂಕಿಗೆ, ವಿಮಾನಕ್ಕೆ ಮುಖಭಾವ ಬೇಕಿಲ್ಲ, ಮೈ ಬಾಗಬೇಕಿಲ್ಲ, ಯಾವ ಕೋನದಿಂದ ನೋಡಿದರೂ ಅಳತೆ ತಪ್ಪಬಾರದು ಅಷ್ಟೇ. ಅದು ಕೈಗೆ ಕಷ್ಟ, ಯಂತ್ರಕ್ಕೆ ಸಲೀಸು. 2012ರ 'ಗರ್ಲ್ಸ್ ಉಂಡ್ ಪಾಂಜರ್' ನೋಡಿದವರಿಗೆ ಇದು ಗೊತ್ತು. ಟ್ಯಾಂಕುಗಳ ಓಡಾಟವನ್ನೆಲ್ಲ ಕೈಯಲ್ಲೇ ಬಿಡಿಸಬೇಕಿದ್ದರೆ ಟಿವಿಯ ಬಜೆಟ್‌ನಲ್ಲಿ ಆ ಸರಣಿ ಆಗುತ್ತಲೇ ಇರಲಿಲ್ಲ.

ಇದರಲ್ಲೂ ಕೈಚಿತ್ರದವರ ಪಾಲು ದೊಡ್ಡದು. ಇಚಿರೊ ಇತಾನೊ ಅಂತ ಒಬ್ಬ ಅನಿಮೇಟರ್ ಇದ್ದಾರೆ. ಒಂದೇ ಸಲಕ್ಕೆ ಹತ್ತಾರು ಕ್ಷಿಪಣಿಗಳು ಹೊಗೆ ಎಳೆದುಕೊಂಡು ಸುತ್ತಿ ಬಳಸಿ ವಿಮಾನದ ಬೆನ್ನು ಹತ್ತುವ ಶಾಟ್‌ಗೆ ಅವರ ಹೆಸರೇ ಅಂಟಿಕೊಂಡು 'ಇತಾನೊ ಸರ್ಕಸ್' ಆಗಿದೆ. 2002ರಲ್ಲಿ ಶುರುವಾದ 'ಮ್ಯಾಕ್ರಾಸ್ ಝೀರೊ'ದಲ್ಲಿ ವಿಮಾನಗಳು ಸಿಜಿಗೆ ಬಂದಾಗ ಆ ತಂಡಕ್ಕೆ ದಾರಿ ತೋರಿಸಿದವರಲ್ಲಿ ಅವರೂ ಇದ್ದರು. ಕ್ಷಿಪಣಿಗಳೆಲ್ಲ ಒಂದೇ ಥರ ಹಾರಬಾರದು, ಒಂದು ನೇರ ಬರಬೇಕು, ಒಂದು ಸುತ್ತು ಹಾಕಿ ಬರಬೇಕು ಅನ್ನುವಂಥ ಕೈಯ ತಿಳುವಳಿಕೆ ಹಾಗೆ ಕಂಪ್ಯೂಟರಿಗೆ ದಾಟಿತು.

ಯಾರ ಕಣ್ಣಿಗೂ ಬೀಳದ ಸಿಜಿಯೂ ಇದೆ, ಮತ್ತು ಅದೇ ಜಾಸ್ತಿ. 'ಅಟ್ಯಾಕ್ ಆನ್ ಟೈಟನ್'ನ ಮೊದಲ ಸೀಸನ್‌ಗಳಲ್ಲಿ ಲೀವಾಯ್ ಅನ್ನುವ ಯೋಧ ಮನೆಗಳ ಛಾವಣಿಗಳ ನಡುವೆ ಹಾರುವಾಗ ಪಾತ್ರ ಕೈಚಿತ್ರ, ಆದರೆ ಸುತ್ತ ಹಾದುಹೋಗುವ ಬೀದಿ, ಗೋಡೆಗಳು ಎಷ್ಟೋ ಕಡೆ ತ್ರೀಡಿಯಲ್ಲಿ ಕಟ್ಟಿದವು. ಅವು ಇಲ್ಲದೆ ಆ ವೇಗ ಬರುತ್ತಿರಲಿಲ್ಲ. ಯೂಫೋಟೇಬಲ್ ಸ್ಟುಡಿಯೋದ 'ಡೀಮನ್ ಸ್ಲೇಯರ್'ನಲ್ಲಿ ಮೇಲು ಕೆಳಗು ಗೊತ್ತಾಗದ ಹಾಗೆ ಕೋಣೆಗಳು ಮಡಚಿಕೊಳ್ಳುವ ಇನ್ಫಿನಿಟಿ ಕ್ಯಾಸಲ್ ಕೂಡ ಹಾಗೇ. ಅವರ ಬಳಿ ಕೈಚಿತ್ರ, ಸಿಜಿ, ಎರಡನ್ನೂ ಬೆಸೆಯುವ ಕಾಂಪೊಸಿಟಿಂಗ್ ವಿಭಾಗ ಎಲ್ಲವೂ ಸಂಸ್ಥೆಯೊಳಗೇ ಇವೆ. ಬೇರೆ ಬೇರೆ ಕಂಪನಿಗಳಿಗೆ ಹಂಚಿದ ಕೆಲಸಕ್ಕಿಂತ ಹೊಲಿಗೆ ಕಡಿಮೆ ಕಾಣುವುದು ಅದಕ್ಕೇ. ಈ ಕ್ಯಾಸಲ್‌ನ ಕಥೆಯ ಸಿನಿಮಾ 2025ರ ಸೆಪ್ಟೆಂಬರಿನಲ್ಲಿ ಭಾರತಕ್ಕೆ ಬಂದಾಗ ಹಿಂದಿ, ತಮಿಳು, ತೆಲುಗು ಡಬ್ಬಿಂಗ್ ಇತ್ತು, ಕನ್ನಡದ್ದು ಇರಲಿಲ್ಲ. ಬೆಂಗಳೂರಿನಲ್ಲಿ ಅಷ್ಟು ಜನ ಅನಿಮೆ ನೋಡುವಾಗ ಇದು ಬೇಸರದ ವಿಷಯ, ಇನ್ನೊಮ್ಮೆ ಬೇರೆಯಾಗಿಯೇ ಬರೆಯಬೇಕು. ಹೇಳಬೇಕೆಂದದ್ದು ಇಷ್ಟು: "ನನಗೆ ಸಿಜಿ ಇಷ್ಟವಿಲ್ಲ" ಅನ್ನುವವರಲ್ಲಿ ಹೆಚ್ಚಿನವರು ತಾವು ಮೆಚ್ಚಿದ ದೃಶ್ಯದಲ್ಲೇ ಅದನ್ನು ನೋಡಿ ಮೆಚ್ಚಿಕೊಂಡಿರುತ್ತಾರೆ.

ಸಿಜಿಯ ಪರವಾಗಿ ನಾನು ಮೊದಲು ಮುಂದಿಡುವುದು 2022ರ ಡಿಸೆಂಬರಿನಲ್ಲಿ ಬಂದ 'ದಿ ಫಸ್ಟ್ ಸ್ಲ್ಯಾಮ್ ಡಂಕ್' ಅನ್ನುವ ಬಾಸ್ಕೆಟ್‌ಬಾಲ್ ಸಿನಿಮಾವನ್ನು. ಮಾಂಗಾ ಬರೆದ ತಾಕೆಹಿಕೊ ಇನೌಎ ಅವರೇ ನಿರ್ದೇಶಕರು. ತೋಯಿ ಅನಿಮೇಶನ್ ಮತ್ತು ಡ್ಯಾಂಡೆಲಿಯನ್ ಸ್ಟುಡಿಯೋ ಸೇರಿ ಮಾಡಿದ್ದು. ಬಿಡುಗಡೆಗೆ ಮುಂಚೆ ಟ್ರೈಲರ್ ನೋಡಿ ಜಪಾನಿನ ಅಭಿಮಾನಿಗಳೇ ಸಿಜಿ ಅಂತ ಗೊಣಗಿದ್ದರು, ಹಳೆಯ ಟಿವಿ ಸರಣಿಯ ಧ್ವನಿ ಕಲಾವಿದರನ್ನು ಬದಲಿಸಿದ್ದಕ್ಕೂ ಸಿಟ್ಟಾಗಿದ್ದರು. ಆಮೇಲೆ ಅದು ಜಪಾನಿನಲ್ಲೇ 1,500 ಕೋಟಿ ಯೆನ್ ದಾಟಿತು, ಜಪಾನ್ ಅಕಾಡೆಮಿಯ ವರ್ಷದ ಅನಿಮೇಶನ್ ಪ್ರಶಸ್ತಿಯನ್ನೂ ಪಡೆಯಿತು.

ಬಾಸ್ಕೆಟ್‌ಬಾಲ್ ಅಂಕಣದಲ್ಲಿ ಹತ್ತು ಜನ ಒಟ್ಟಿಗೆ ಓಡುತ್ತಾರೆ. ಚೆಂಡಿಲ್ಲದವನೂ ಸುಮ್ನೆ ನಿಂತಿರುವುದಿಲ್ಲ, ಅಡ್ಡ ಬರುತ್ತಾನೆ, ಜಾಗ ಮಾಡಿಕೊಡುತ್ತಾನೆ, ಹಿಂದೆ ಸರಿಯುತ್ತಾನೆ. ಇದೇ ಮಾಂಗಾದಿಂದ 1993ರಿಂದ 1996ರವರೆಗೆ ಬಂದ 101 ಕಂತಿನ ಟಿವಿ ಸರಣಿಯಲ್ಲಿ ಇದನ್ನು ತೋರಿಸಲು ಆಗಲಿಲ್ಲ, ಆಗುವುದೂ ಸಾಧ್ಯವಿರಲಿಲ್ಲ. ಒಬ್ಬ ಜಿಗಿದರೆ ಉಳಿದವರು ನಿಂತು ನೋಡುತ್ತಾ ಮನಸ್ಸಿನಲ್ಲೇ ಮಾತಾಡಿಕೊಳ್ಳುತ್ತಿದ್ದರು. ಸಿನಿಮಾದಲ್ಲಿ ನಿಜವಾದ ಆಟಗಾರರ ಚಲನೆಯನ್ನು ಮೋಷನ್ ಕ್ಯಾಪ್ಚರ್‌ನಿಂದ ಹಿಡಿದು ಅದರ ಮೇಲೆ ಕಟ್ಟಿದರು. ಹಾಗಾಗಿ ನುಗ್ಗುವ ಮುಂಚೆ ಆಟಗಾರ ಮಿಯಾಗಿ ರ್ಯೋಟ ಭುಜ ಇಳಿಸುವುದು, ಎದುರಾಳಿಯ ಪಾದ ಒಂದು ಕ್ಷಣ ತಡವಾಗಿ ತಿರುಗುವುದು ಎಲ್ಲ ಕಾಣುತ್ತದೆ. ಬಾಸ್ಕೆಟ್‌ಬಾಲ್ ಗೊತ್ತಿಲ್ಲದವರಿಗೂ ಆಟ ಅರ್ಥವಾಗುತ್ತದೆ.

ಆದರೆ ಬರೀ ಮೋಷನ್ ಕ್ಯಾಪ್ಚರ್ ಆಗಿದ್ದರೆ ಅದು ಗೇಮ್ ವಿಡಿಯೊ ಆಗುತ್ತಿತ್ತು. ಇನೌಎ ಸಿಜಿ ಚಿತ್ರಗಳ ಮೇಲೆ ತಾವೇ ಗೆರೆ ಎಳೆದು ತಿದ್ದಿದರು. ಹುಬ್ಬು ಇಲ್ಲಿ ಬರಲಿ, ಬಾಯಿ ಹೀಗೆ ವಾರೆಯಾಗಲಿ, ಈ ನೆರಳು ಬೇಡ ಅಂತ ಮತ್ತೆ ಮತ್ತೆ. ಸಿನಿಮಾದ ಶುರುವಿನಲ್ಲಿ ಖಾಲಿ ಹಾಳೆಯ ಮೇಲೆ ಪೆನ್ಸಿಲ್ ಗೆರೆಯಲ್ಲಿ ಐದು ಆಟಗಾರರು ಒಬ್ಬೊಬ್ಬರಾಗಿ ಮೂಡಿ, ನಡೆಯುತ್ತಾ ಮುಂದೆ ಬರುತ್ತಾರೆ. ಪಂದ್ಯದ ಕೊನೆಯ ಸೆಕೆಂಡುಗಳಲ್ಲಿ ಸದ್ದೆಲ್ಲ ನಿಂತು ಮತ್ತೆ ಆ ಪೆನ್ಸಿಲ್ ಗೆರೆಗಳು ಮೇಲೆ ಬರುತ್ತವೆ. ಕೈ ಮತ್ತು ಕಂಪ್ಯೂಟರ್ ಬೇರೆ ಬೇರೆ ಪಕ್ಷ ಅಂತ ವಾದ ಮಾಡುವವರಿಗೆ ಈ ಸಿನಿಮಾದಲ್ಲಿ ಜಾಗವೇ ಇಲ್ಲ.

ತೋಯಿಯ ಸಿಜಿ ಜನರಿಗೆ ಈ ಕೈ ಒಂದೇ ರಾತ್ರಿಯಲ್ಲಿ ಬಂದದ್ದೂ ಅಲ್ಲ. 2009ರಿಂದ 'ಪ್ರಿಕ್ಯೂರ್' ಸರಣಿಗಳ ಕೊನೆಯಲ್ಲಿ ಬರುವ ಕುಣಿತದ ಹಾಡುಗಳನ್ನು ಅವರು ಸಿಜಿಯಲ್ಲಿ ಮಾಡುತ್ತಾ ಬಂದಿದ್ದಾರೆ, ವರ್ಷ ವರ್ಷ. ಪುಟ್ಟ ಮಕ್ಕಳು ಟಿವಿ ಮುಂದೆ ನಿಂತು ಕುಣಿಯುವ ಹಾಡುಗಳವು. 2024ರಲ್ಲಿ ಅದೇ ತೋಯಿ 'ಗರ್ಲ್ಸ್ ಬ್ಯಾಂಡ್ ಕ್ರೈ' ಅನ್ನುವ 13 ಕಂತಿನ ಸರಣಿ ತಂದಿತು. ಕಾಜುವೊ ಸಾಕಾಯಿ ನಿರ್ದೇಶನ. ಗಿಟಾರಿನ ಮೇಲೆ ಬೆರಳು ಎಲ್ಲಿರಬೇಕೋ ಅಲ್ಲೇ ಇರುತ್ತದೆ, ಅದು ಸಿಜಿಯ ಲಾಭ. ಅದಕ್ಕಿಂತ ನನಗೆ ಹಿಡಿಸಿದ್ದು ನೀನಾ ಅನ್ನುವ ಹುಡುಗಿಯ ಸಿಟ್ಟು. ಆಕೆಗೆ ಕೋಪ ಬಂದಾಗ ಮೈಯಿಂದ ಕಪ್ಪು ಕೆಂಪು ಮುಳ್ಳುಗಳು ಎದ್ದು ಬರುತ್ತವೆ, ಮುಖ ಅಳತೆ ಮೀರಿ ಹಿಗ್ಗುತ್ತದೆ, ಕುಗ್ಗುತ್ತದೆ. ಲೆಕ್ಕಕ್ಕೆ ಸಿಗದ ಮುಖ. ಹತ್ತು ವರ್ಷದ ಹಿಂದೆ ಸಿಜಿ ಪಾತ್ರಗಳು ಅಳುವಾಗಲೂ ನಗುವಾಗಲೂ ಒಂದೇ ಥರ ಇರುತ್ತಿದ್ದವು ಅನ್ನುವುದನ್ನು ನೆನೆಸಿಕೊಂಡರೆ ಇದು ಸಣ್ಣ ದಾರಿಯಲ್ಲ.

ಹಾಗಾದರೆ ಕೆಟ್ಟ ಸಿಜಿ ಇನ್ನೂ ಯಾಕೆ ಬರುತ್ತಿದೆ? ದುಡ್ಡು, ದಿನಾಂಕ. ನಿರ್ಮಾಪಕರ ಸಮಿತಿ ಬಿಡುಗಡೆಯ ದಿನ ಮೊದಲೇ ಗೊತ್ತು ಮಾಡಿರುತ್ತದೆ. ಒಳ್ಳೆಯ ಕೈಚಿತ್ರ ಅನಿಮೇಟರುಗಳು ಸಿಗುವುದಿಲ್ಲ, ಸಿಕ್ಕವರು ಬೇರೆ ನಾಲ್ಕು ಸರಣಿಗೆ ಒಪ್ಪಿಕೊಂಡಿರುತ್ತಾರೆ. "ಹಾಗಿದ್ರೆ ಸಿಜಿ ಮಾಡಿ" ಅನ್ನುವ ಮಾತು ಬರುವುದು ಆಗ. ಕುದುರೆ ಸೈನ್ಯ, ಹಿಂದಿನ ಗುಂಪು, ದೊಡ್ಡ ರಾಕ್ಷಸ, ಕಷ್ಟದ್ದನ್ನೆಲ್ಲ ಅಲ್ಲಿಗೆ ತಳ್ಳುತ್ತಾರೆ. 2018ರಲ್ಲಿ 'ಓವರ್‌ಲಾರ್ಡ್' ಮೂರನೇ ಸೀಸನ್ನಿನ ಗಾಬ್ಲಿನ್ ಸೈನ್ಯ ನಗೆಪಾಟಲಾದದ್ದು ಹಾಗೆ. ಕೈಚಿತ್ರದ ಪಾತ್ರಗಳ ಪಕ್ಕದಲ್ಲಿ ಬೇರೆ ಯಾವುದೋ ಲೋಕದವರು ಕವಾಯತು ಮಾಡಿದ ಹಾಗಿತ್ತು. 'ಕಿಂಗ್‌ಡಮ್' ಸರಣಿ 2012ರಲ್ಲಿ ಸಿಜಿಯಲ್ಲಿ ಶುರುವಾಗಿ ಪೆಟ್ಟು ತಿಂದು, ಮುಂದಿನ ಸೀಸನ್‌ಗಳಲ್ಲಿ ಕೈಚಿತ್ರದ ಕಡೆ ವಾಲಿತು. 2021ರ 'ಎಕ್ಸ್-ಆರ್ಮ್' ಬಗ್ಗೆ ಜಾಸ್ತಿ ಹೇಳುವುದು ಬೇಡ. ಅನಿಮೆ ಮಾಡಿ ಅನುಭವವಿಲ್ಲದ ತಂಡಕ್ಕೆ ಸಿಜಿ ಆಕ್ಷನ್ ಸರಣಿ ಒಪ್ಪಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ.

ದುಡ್ಡಿನ ಲೋಕದ ಲೆಕ್ಕ ಗುಣಕ್ಕೆ ಸರಿಯಾಗಿ ನಡೆಯುವುದೂ ಇಲ್ಲ. ಅಷ್ಟು ಬೈಸಿಕೊಂಡ 'ಬರ್ಸರ್ಕ್' 2017ರಲ್ಲೇ ಎರಡನೇ ಸೀಸನ್ ಪಡೆಯಿತು. 'ಹೌಸೆಕಿ ನೋ ಕುನಿ' 12 ಕಂತಿಗೆ ನಿಂತಿದೆ. ಮಾಂಗಾ 2024ರಲ್ಲಿ ಮುಗಿಯಿತು, ಅನಿಮೆಯ ಎರಡನೇ ಸೀಸನ್ನಿನ ಸುದ್ದಿಯೇ ಇಲ್ಲ. ನೋಡಿದವರಿಗೆಲ್ಲ ಇದು ನೋವಿನ ವಿಷಯ, ನನಗೂ.

ಕೆಲಸಗಾರರ ಕಡೆಯಿಂದ ನೋಡಿದರೆ ಚಿತ್ರ ಇನ್ನಷ್ಟು ಜಟಿಲ. ಕೈಚಿತ್ರದಲ್ಲಿ ಎರಡು ಭಂಗಿಗಳ ನಡುವಿನ ಚಿತ್ರ ಬಿಡಿಸುವ ಹೊಸಬರಿಗೆ ಒಂದು ಚಿತ್ರಕ್ಕೆ 200 ಯೆನ್ ಆಸುಪಾಸು ಸಿಗುತ್ತದೆ ಅನ್ನುವುದು ವರ್ಷಗಳಿಂದ ವರದಿಯಾಗುತ್ತಲೇ ಇದೆ. ಹೆಚ್ಚಿನವರು ಗುತ್ತಿಗೆಯವರು. ಸಿಜಿ ಸ್ಟುಡಿಯೋಗಳಲ್ಲಿ ಹೆಚ್ಚಾಗಿ ತಿಂಗಳ ಸಂಬಳ ಇರುತ್ತದೆ. ಒಬ್ಬ ಯುವಕನೋ ಯುವತಿಯೋ ಅನಿಮೆಯಲ್ಲಿ ಬದುಕು ಕಟ್ಟಿಕೊಳ್ಳಬೇಕು ಅಂದರೆ ಸಿಜಿ ಕಡೆ ಹೋಗುವುದನ್ನು ತಪ್ಪು ಅನ್ನಲಾಗುವುದಿಲ್ಲ. ಆದರೆ ನಡುವಿನ ಚಿತ್ರ ಬಿಡಿಸಿ ಬಿಡಿಸಿಯೇ ಕೈ ಪಳಗುವುದು. ಆ ಕೆಲಸ ಈಗಾಗಲೇ ಬಹಳಷ್ಟು ಹೊರದೇಶಗಳಿಗೆ ಹೋಗಿದೆ. ಮುಷ್ಟಿ ಎಷ್ಟು ದೊಡ್ಡದಿರಬೇಕು, ಯಾವ ಚಿತ್ರ ಹಾರಿಸಬೇಕು ಅಂತ ಗೊತ್ತಿರುವವರು ಮುಂದಿನ ತಲೆಮಾರಿನಲ್ಲಿ ಇಲ್ಲದೇ ಹೋದರೆ ಸಿಜಿ ತಂಡಕ್ಕೆ ಯಾರು ಹೇಳಿಕೊಡುತ್ತಾರೆ? ಕೈಚಿತ್ರ ಸೊರಗಿದರೆ ಸಿಜಿ ಗೆಲ್ಲುವುದಿಲ್ಲ, ಸಿಜಿಯೂ ಸೊರಗುತ್ತದೆ. ಇದು ನನ್ನ ದೊಡ್ಡ ಆತಂಕ.

ಎರಡನ್ನೂ ಬೆರೆಸುವ ದಾರಿಗಳು ಅಲ್ಲಲ್ಲಿ ಚೆನ್ನಾಗಿಯೇ ಬೆಳೆಯುತ್ತಿವೆ. 2022ರ 'ಬೋಚ್ಚಿ ದಿ ರಾಕ್'ನ ವೇದಿಕೆಯ ದೃಶ್ಯಗಳಿಗೆ ನಿಜವಾದ ವಾದನವನ್ನು ಮೋಷನ್ ಕ್ಯಾಪ್ಚರ್ ಮಾಡಿ, ಅದನ್ನು ತ್ರೀಡಿಯಲ್ಲಿ ಇಟ್ಟುಕೊಂಡು, ನೋಡುತ್ತಾ ಕೈಯಲ್ಲಿ ಬಿಡಿಸಿದರು. ನಿರ್ದೇಶಕ ಹಿದೆಯಾಕಿ ಆನೊ 2021ರಲ್ಲಿ ಬಂದ, 'ಇವ್ಯಾಂಗೆಲಿಯನ್' ಸಾಲಿನ ಕೊನೆಯ ಸಿನಿಮಾಕ್ಕೆ ಹಳ್ಳಿಯ ಪುಟ್ಟ ಮಾದರಿಯನ್ನೇ ಕಟ್ಟಿಸಿ, ಕ್ಯಾಮೆರಾ ಹಿಡಿದು ಕೋನ ಹುಡುಕಿದರು. ಅವರ ಖಾರಾ ಸ್ಟುಡಿಯೋ 2019ರಲ್ಲಿ ಉಚಿತವಾಗಿ ಸಿಗುವ ಬ್ಲೆಂಡರ್ ಅನ್ನುವ ತ್ರೀಡಿ ಸಾಫ್ಟ್‌ವೇರ್ ಕಡೆ ಹೊರಳುವುದಾಗಿ ಹೇಳಿತು. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಮನೆಯಲ್ಲಿ ಕೂತು ಕಲಿಯುವ ಹುಡುಗರು ಇಳಿಸಿಕೊಳ್ಳುವುದೂ ಅದೇ ಬ್ಲೆಂಡರನ್ನು. ಸಲಕರಣೆ ಸಿಗುವುದಿಲ್ಲ ಅನ್ನುವ ಮಾತು ಈಗ ಹಳೆಯದಾಯಿತು.

ಕೊನೆಗೆ ಒಂದು ಗೊಂದಲ ಬಿಡಿಸಲೇಬೇಕು. ಈಚೆಗೆ ಕೆಲವರು ಸಿಜಿಯನ್ನೂ ಎಐಯನ್ನೂ ಒಂದೇ ಬುಟ್ಟಿಗೆ ಹಾಕಿ ಬೈಯುತ್ತಿದ್ದಾರೆ. ಸಿಜಿಯಲ್ಲಿ ಪ್ರತಿ ಮಾಡೆಲ್, ಪ್ರತಿ ಭಂಗಿ, ಪ್ರತಿ ಬೆಳಕಿನ ಹಿಂದೆ ಕೂತು ಕೆಲಸ ಮಾಡಿದ ಒಬ್ಬ ಮನುಷ್ಯ ಇರುತ್ತಾನೆ, ಇರುತ್ತಾಳೆ. ತಪ್ಪಾದರೆ ಅವರನ್ನು ಕೇಳಬಹುದು, ಚೆನ್ನಾದರೆ ಅವರನ್ನು ಹೊಗಳಬಹುದು. 2023ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಜಪಾನ್ ಒಂದು ಕಿರುಚಿತ್ರ ಬಿಟ್ಟಿತು, 'ದಿ ಡಾಗ್ ಅಂಡ್ ದಿ ಬಾಯ್' ಅಂತ. ಅದರ ಹಿನ್ನೆಲೆ ಚಿತ್ರಗಳನ್ನು ಎಐಯಿಂದ ಮಾಡಿಸಿದ್ದರು, ಆಮೇಲೆ ಮನುಷ್ಯರು ತಿದ್ದಿದ್ದರು. ಕೆಲಸ ಮಾಡಿದವರ ಪಟ್ಟಿಯಲ್ಲಿ ಹಿನ್ನೆಲೆ ಕಲಾವಿದರ ಹೆಸರು ಬರಬೇಕಾದ ಕಡೆ ಎಐ ಅಂತ ಹಾಕಿ, ಪಕ್ಕದಲ್ಲಿ ಬರೀ 'ಮನುಷ್ಯ' ಅಂತ ಸೇರಿಸಿದ್ದರು. ಆ ವ್ಯಕ್ತಿ ಯಾರು ಅಂತ ಬರೆಯಲಿಲ್ಲ. ಜಗಳ ಆಡಬೇಕಾದದ್ದು ಅದರ ಜೊತೆಗೆ. ಡ್ಯಾಂಡೆಲಿಯನ್, ಆರೆಂಜ್ ಥರದ ತಂಡಗಳಲ್ಲಿ ಫ್ರೇಮ್ ಫ್ರೇಮಿಗೂ ಮುಖ ತಿದ್ದುತ್ತಾ ಕೂತವರನ್ನು ಆ ಸಾಲಿಗೆ ಸೇರಿಸುವುದು ಅನ್ಯಾಯ.